9.8 ಎಂಬ ಮೋಹ

ನಮ್ಮ ಪಿಯು ಕಾಲೇಜುಗಳ ಭೌತಶಾಸ್ತ್ರ ಲ್ಯಾಬುಗಳಲ್ಲಿ ವರ್ಷಕ್ಕೊಮ್ಮೆ ಒಂದು ಪವಾಡ ನಡೆಯುತ್ತದೆ. ಅರವತ್ತು ಹುಡುಗ ಹುಡುಗಿಯರು ಸರಳ ಲೋಲಕ ತೂಗಿಬಿಟ್ಟು ಗುರುತ್ವ ವೇಗೋತ್ಕರ್ಷ ಅಳೆಯುತ್ತಾರೆ. ಒಬ್ಬರ ದಾರ ಹೊಸದು, ಇನ್ನೊಬ್ಬರದು ಗಂಟು ಹಾಕಿ ಹಾಕಿ ಸವೆದದ್ದು. ಒಬ್ಬರ ಸ್ಟಾಪ್‌ವಾಚ್ ಗುಂಡಿ ಒತ್ತಿದ ಕೂಡಲೇ ನಿಲ್ಲುತ್ತದೆ, ಇನ್ನೊಬ್ಬರದನ್ನು ಎರಡು ಸಲ ಒತ್ತಬೇಕು. ಆದರೂ ಅರವತ್ತು ರೆಕಾರ್ಡ್ ಪುಸ್ತಕಗಳ ಕೊನೆಯ ಸಾಲು ಒಂದೇ: 9.80 ಮೀ/ಸೆ². ಮೇಷ್ಟ್ರು ಕೆಂಪು ಶಾಯಿಯಲ್ಲಿ ಸಹಿ ಹಾಕುತ್ತಾರೆ, ವಿಜ್ಞಾನ ಮುಗಿಯಿತು.

ಆ ಸಾಲು ಹೇಗೆ ಬಂತು ಎಂಬುದು ಲ್ಯಾಬಿನ ಅಟೆಂಡರಿನಿಂದ ಹಿಡಿದು ಪರೀಕ್ಷಕರವರೆಗೆ ಎಲ್ಲರಿಗೂ ಗೊತ್ತು. ಮೊದಲು ಉತ್ತರ ಬರೆದುಕೊಳ್ಳುವುದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಇಪ್ಪತ್ತು ಆಂದೋಲನಕ್ಕೆ ಎಷ್ಟು ಸೆಕೆಂಡ್ ಹಿಡಿದಿರಬೇಕಿತ್ತೋ ಅಷ್ಟನ್ನು ಕೋಷ್ಟಕದಲ್ಲಿ ತುಂಬುವುದು. ಸೀನಿಯರ್ ರೆಕಾರ್ಡ್ ಸಿಕ್ಕರೆ ಅಷ್ಟು ಶ್ರಮವೂ ಬೇಡ. ಇದನ್ನು ಮಕ್ಕಳ ಕಳ್ಳಾಟ ಎಂದು ಬೈದು ಸುಮ್ಮನಾಗುವವರಿದ್ದಾರೆ. ನನ್ನ ತಕರಾರು ಮಕ್ಕಳ ಮೇಲಿಲ್ಲ. ಮಕ್ಕಳಿಗೆ ಈ ಕಸುಬು ಕಲಿಸಿದ ಒಂದು ನಂಬಿಕೆಯ ಮೇಲಿದೆ.

ಆ ನಂಬಿಕೆ ಇಷ್ಟು: ವಿಜ್ಞಾನವೆಂದರೆ ಖಚಿತ ಉತ್ತರ. ಪುಸ್ತಕದಲ್ಲಿ ಅಚ್ಚಾದ ಬೆಲೆಯೇ ಸತ್ಯ. ನನ್ನ ಅಳತೆ ಅದಕ್ಕೆ ಹತ್ತಿರ ಬಂದರೆ ನಾನು ಜಾಣ, ದೂರ ಉಳಿದರೆ ದಡ್ಡ. ಅಂಕಿಯ ಪಕ್ಕ ‘ಇಷ್ಟು ಹೆಚ್ಚು ಅಥವಾ ಇಷ್ಟು ಕಡಿಮೆ ಇರಬಹುದು’ ಎಂದು ಬರೆಯುವುದು ಸೋಲೊಪ್ಪಿಕೊಂಡಂತೆ. ಈ ನಂಬಿಕೆ ಲ್ಯಾಬಿನ ಬಾಗಿಲಲ್ಲೇ ನಿಂತಿದ್ದರೆ ಲೇಖನ ಬರೆಯುವ ಅಗತ್ಯವಿರಲಿಲ್ಲ. ಅದು ಟಿವಿ ಸ್ಟುಡಿಯೋದಲ್ಲಿದೆ, ಆಸ್ಪತ್ರೆಯ ರಿಪೋರ್ಟ್ ಓದುವ ನಮ್ಮ ಮನೆಗಳಲ್ಲಿದೆ, ಸರ್ಕಾರಿ ಅಂಕಿಅಂಶದ ಟೇಬಲ್ಲುಗಳಲ್ಲಿದೆ. ಇದು ಬುಡದಿಂದಲೇ ತಪ್ಪು ಎಂಬುದು ನನ್ನ ವಾದ. ಅಳತೆಯೊಂದರಲ್ಲಿ ಅಂಕಿ ಅರ್ಧ ಭಾಗ, ಅದರ ಹೆಚ್ಚು-ಕಡಿಮೆಯ ಅಂಚು ಉಳಿದರ್ಧ. ಎರಡನೆಯ ಅರ್ಧವನ್ನು ಕತ್ತರಿಸಿದ ಮೇಲೆ ಉಳಿಯುವುದು ಅಳತೆಯೇ ಅಲ್ಲ, ಬರೀ ಹೇಳಿಕೆ.

ಲೋಲಕವನ್ನೇ ಹತ್ತಿರದಿಂದ ನೋಡೋಣ. ದಾರದ ಉದ್ದ ಒಂದು ಮೀಟರ್ ಇರಲಿ. ಇಪ್ಪತ್ತು ಆಂದೋಲನಕ್ಕೆ ಸ್ಟಾಪ್‌ವಾಚ್ 40.0 ಸೆಕೆಂಡ್ ತೋರಿಸಿದರೆ ಸೂತ್ರದಿಂದ ಬರುವ ಬೆಲೆ 9.87. ಅದೇ 40.2 ತೋರಿಸಿದರೆ 9.77. 40.4 ಆದರೆ 9.68. ಗುಂಡು ನಡುಗೆರೆ ದಾಟಿದ್ದನ್ನು ಕಣ್ಣು ಕಂಡು, ಮೆದುಳಿಗೆ ತಿಳಿದು, ಹೆಬ್ಬೆರಳು ಗುಂಡಿ ಒತ್ತುವ ಹೊತ್ತಿಗೆ ಸೆಕೆಂಡಿನ ಐದನೆಯ ಒಂದು ಭಾಗ ಸರಿದುಹೋಗುವುದು ಯಾವ ಆರೋಗ್ಯವಂತನಿಗೂ ಸಹಜ. ಅಷ್ಟರಲ್ಲೇ ಉತ್ತರ 0.1ರಷ್ಟು ಅತ್ತಿತ್ತ ಆಗುತ್ತದೆ. ಸಮಯದಲ್ಲಿ ಶೇಕಡಾ ಅರ್ಧದಷ್ಟಿದ್ದ ಅಲುಗಾಟ ಸೂತ್ರದಲ್ಲಿ ವರ್ಗವಾಗಿ ಕೂರುವುದರಿಂದ ಉತ್ತರದಲ್ಲಿ ಶೇಕಡಾ ಒಂದಾಗುತ್ತದೆ. ಸ್ಕೇಲಿನಲ್ಲಿ ಎರಡು ಮಿಲಿಮೀಟರ್ ತಪ್ಪಿದರೂ ಶೇಕಡಾ 0.2 ಮಾತ್ರ, ಅದರ ಚಿಂತೆ ಬೇಡ. ಹಾಗಾಗಿ ಈ ಸಲಕರಣೆಗಳಿಂದ ಪ್ರಾಮಾಣಿಕವಾಗಿ ಬರೆಯಬಹುದಾದ ಉತ್ತರ 9.8 ± 0.1 ಅಥವಾ 9.7 ± 0.1. ಸ್ಕೇಲಿಗಿಂತ ಸ್ಟಾಪ್‌ವಾಚೇ ಇಲ್ಲಿನ ದೌರ್ಬಲ್ಯ, ಆದ್ದರಿಂದ ಇಪ್ಪತ್ತರ ಬದಲು ಐವತ್ತು ಆಂದೋಲನ ಎಣಿಸಿದರೆ ಲಾಭವಿದೆ ಎಂಬ ಬುದ್ಧಿ ಹುಟ್ಟುವುದೂ ಈ ಲೆಕ್ಕದಿಂದಲೇ. 9.80 ಎಂದು ಬರೆದು ಕೈತೊಳೆದುಕೊಂಡವರಿಗೆ ಆ ಬುದ್ಧಿ ಹುಟ್ಟಲು ಕಾರಣವೇ ಇಲ್ಲ.

ಈಗ ಅರವತ್ತು ರೆಕಾರ್ಡುಗಳಿಗೆ ಮರಳಿ. ಅಂಚು 0.1 ಇರುವಾಗ ಪ್ರಾಮಾಣಿಕ ಅಳತೆಯೊಂದು ಎರಡನೆಯ ದಶಮಾಂಶದವರೆಗೂ ಸರಿಯಾಗಿ 9.80 ಎಂದು ಬರುವ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು. ಅರವತ್ತು ಮಂದಿಯ ತರಗತಿಯಲ್ಲಿ ಇಬ್ಬರಿಗೋ ಮೂವರಿಗೋ ಹಾಗೆ ಬಂದರೆ ನಂಬಬಹುದು. ಅರವತ್ತು ಮಂದಿಗೂ ಬಂದರೆ ಅದು ಭೂಮಿಯ ಗುರುತ್ವದ ಪುರಾವೆ ಆಗಲಾರದು. ಆ ತರಗತಿಯಲ್ಲಿ ಯಾರೂ ಅಳೆದಿಲ್ಲ ಎಂಬುದರ ಪುರಾವೆ ಆಗುತ್ತದೆ. ನಾವು ಯಶಸ್ಸು ಎಂದು ಸಹಿ ಹಾಕುತ್ತಿರುವುದು ವಂಚನೆಯ ದಾಖಲೆಗೆ.

ಇದಕ್ಕಿಂತ ತಮಾಷೆ ಇನ್ನೊಂದಿದೆ. ಪುಸ್ತಕದ ಆ ಬೆಲೆ ಯಾವ ಊರಿನದು? ಗುರುತ್ವ ವೇಗೋತ್ಕರ್ಷ ಸಮಭಾಜಕದಲ್ಲಿ 9.78, ಧ್ರುವಗಳಲ್ಲಿ 9.83ರ ಆಸುಪಾಸು. ಎತ್ತರ ಏರಿದಂತೆ ಇನ್ನಷ್ಟು ಇಳಿಯುತ್ತದೆ. ಹದಿಮೂರು ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಅದು 9.78. ಉಪನ್ಯಾಸಕರು ‘ಸ್ಟ್ಯಾಂಡರ್ಡ್ ವ್ಯಾಲ್ಯೂ’ ಎಂದು ಬಾಯಿಪಾಠ ಮಾಡಿಸುವ 9.80665 ಯಾರೋ ಬೆಂಗಳೂರಿನಲ್ಲಿ ಅಳೆದು ಕಂಡದ್ದಲ್ಲ, 1901ರಲ್ಲಿ ತೂಕ-ಅಳತೆಗಳ ಅಂತಾರಾಷ್ಟ್ರೀಯ ಸಮ್ಮೇಳನ ವ್ಯವಹಾರದ ಅನುಕೂಲಕ್ಕೆ ಒಪ್ಪಿಕೊಂಡ ಸಂಖ್ಯೆ. ಅಂದರೆ ಒಳ್ಳೆಯ ಸಲಕರಣೆ ಇಟ್ಟುಕೊಂಡು ಎಚ್ಚರದಿಂದ ಅಳೆದು 9.78 ಎಂದು ಬರೆದ ಬೆಂಗಳೂರಿನ ಹುಡುಗಿಯನ್ನು ‘ಸ್ವಲ್ಪ ಕಡಿಮೆ ಬಂತಲ್ಲಮ್ಮ’ ಎಂದು ಗದರುವ ಪರೀಕ್ಷಕರು ಸತ್ಯವನ್ನೇ ಗದರುತ್ತಿದ್ದಾರೆ.

ರೆಕಾರ್ಡಿನ ಕೊನೆಯಲ್ಲಿ ಇನ್ನೊಂದು ಸವೆದ ನಾಣ್ಯ ಸಿಗುತ್ತದೆ: ‘ವ್ಯತ್ಯಾಸಕ್ಕೆ ಮಾನವ ದೋಷ ಕಾರಣ’. ಈ ಮಾತನ್ನು ಲ್ಯಾಬಿನಿಂದ ಗಡೀಪಾರು ಮಾಡಬೇಕು. ಯಾವ ದೋಷ? ಎಷ್ಟು ದೊಡ್ಡದು? ಯಾವ ದಿಕ್ಕಿನಲ್ಲಿ ಎಳೆಯುತ್ತದೆ? ಗುಂಡಿನ ವ್ಯಾಸ ಎರಡು ಸೆಂಟಿಮೀಟರ್ ಇದ್ದು, ಅದರ ತ್ರಿಜ್ಯವನ್ನು ಉದ್ದಕ್ಕೆ ಸೇರಿಸಲು ಮರೆತರೆ ಉತ್ತರ ಶೇಕಡಾ ಒಂದರಷ್ಟು ಕಡಿಮೆ ಬರುತ್ತದೆ. ಎಷ್ಟು ಸಲ ಮಾಡಿದರೂ ಕಡಿಮೆಯೇ. ಲೋಲಕವನ್ನು ಸಣ್ಣ ಕೋನದಲ್ಲಿ ಬಿಡದೆ ಇಪ್ಪತ್ತು ಡಿಗ್ರಿ ಎಳೆದು ಬಿಟ್ಟರೆ ಆಂದೋಲನದ ಅವಧಿ ಉದ್ದವಾಗಿ ಉತ್ತರ ಶೇಕಡಾ ಒಂದೂವರೆ ಇಳಿಯುತ್ತದೆ. ಸ್ಟಾಪ್‌ವಾಚಿನ ಅಲುಗಾಟ ಮಾತ್ರ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ತಳ್ಳುತ್ತದೆ. ಹತ್ತಾರು ಸಲ ಮಾಡಿ ಸರಾಸರಿ ತೆಗೆದರೆ ತಗ್ಗುತ್ತದೆ. ಮೊದಲೆರಡನ್ನು ಸರಾಸರಿ ತಗ್ಗಿಸಲಾರದು, ಸಾವಿರ ಸಲ ಮಾಡಿದರೂ ಅವು ಅಷ್ಟೇ ಗಟ್ಟಿ. ಈ ಎರಡು ಜಾತಿಯ ದೋಷಗಳನ್ನು ಬೇರೆ ಬೇರೆ ಹಿಡಿಯುವುದೇ ಭೌತಶಾಸ್ತ್ರಜ್ಞನ ಕೆಲಸ. ‘ಮಾನವ ದೋಷ’ ಎಂದವನು ಆ ಕೆಲಸಕ್ಕೆ ರಜೆ ಹಾಕಿದ್ದಾನೆ.

ಇಲ್ಲಿ ಅನುಭವಿ ಮೇಷ್ಟ್ರುಗಳು ಒಂದು ಆಕ್ಷೇಪ ಎತ್ತುತ್ತಾರೆ. ಮಕ್ಕಳು ಮೊದಲು ನಿಯಮವನ್ನು ಕಣ್ಣಾರೆ ಕಂಡು ಒಪ್ಪಲಿ, ಅನಿಶ್ಚಿತತೆಯ ಸೂಕ್ಷ್ಮಗಳು ಎಂಎಸ್ಸಿಯಲ್ಲಿ ಬಂದರೆ ಸಾಕು, ಶುರುವಿನಲ್ಲೇ ಗೊಂದಲ ಏಕೆ ಎನ್ನುತ್ತಾರೆ. ಕೇಳಲು ಹಿತವಾದ ಮಾತು. ಆದರೆ ನಿಯಮ ಸರಿಯೇ ಎಂದು ಪರೀಕ್ಷಿಸಬೇಕಾದರೆ, ಎಷ್ಟು ವ್ಯತ್ಯಾಸ ಬಂದರೆ ನಿಯಮ ಮುರಿಯಿತು ಎನ್ನಬೇಕು ಎಂಬುದು ಮೊದಲು ಗೊತ್ತಿರಬೇಕು. ಅಂಚು ತಿಳಿಯದವನಿಗೆ 9.6 ಬಂದರೆ ಗಾಬರಿ, 9.8 ಬಂದರೆ ನೆಮ್ಮದಿ, ಎರಡಕ್ಕೂ ಆಧಾರವಿಲ್ಲ. ಅವನು ನಿಯಮವನ್ನು ಪರೀಕ್ಷಿಸಿಲ್ಲ, ಪುಸ್ತಕಕ್ಕೆ ಅಡ್ಡಬಿದ್ದಿದ್ದಾನೆ. ಪುಸ್ತಕಕ್ಕೆ ಅಡ್ಡಬೀಳುವುದನ್ನು ಕಲಿಸಲು ಲ್ಯಾಬ್ ಬೇಕಿಲ್ಲ, ಬೆಂಚು ಸಾಕು.

ನಿಜವಾದ ವಿಜ್ಞಾನಿ ಹೊಂದಿಕೆಯಾಗದ ಅಂಕಿಯನ್ನು ಹೇಗೆ ನೋಡುತ್ತಾನೆ ಎಂಬುದಕ್ಕೆ ಲಾರ್ಡ್ ರೇಲಿಯವರ ಸಾರಜನಕದ ಕಥೆ ಇದೆ. 1890ರ ದಶಕದ ಆರಂಭದಲ್ಲಿ ಅವರು ಅನಿಲಗಳ ಸಾಂದ್ರತೆ ಅಳೆಯುತ್ತಿದ್ದರು. ಒಂದೇ ಗಾಜಿನ ಗೋಳದಲ್ಲಿ ಅನಿಲ ತುಂಬಿ ತೂಗುವುದು, ಅಷ್ಟೇ ಕೆಲಸ. ಗಾಳಿಯಿಂದ ಆಮ್ಲಜನಕ ತೆಗೆದು ಉಳಿದ ಸಾರಜನಕವನ್ನು ತುಂಬಿದರೆ 2.310 ಗ್ರಾಂ. ರಾಸಾಯನಿಕಗಳಿಂದ ತಯಾರಿಸಿದ ಸಾರಜನಕ ತುಂಬಿದರೆ 2.299 ಗ್ರಾಂ. ಅಂತರ ಇನ್ನೂರರಲ್ಲಿ ಒಂದು ಪಾಲು, ಹನ್ನೊಂದು ಮಿಲಿಗ್ರಾಂ. ನಮ್ಮ ಲ್ಯಾಬಿನಲ್ಲಾಗಿದ್ದರೆ ಇದನ್ನು ಎರಡು ದಶಮಾಂಶಕ್ಕೆ ‘ರೌಂಡ್’ ಮಾಡಿ, ಎರಡನ್ನೂ ಸೇರಿಸಿ ಸರಾಸರಿ ತೆಗೆದು, ಸಹಿ ಹಾಕಿಸಿಕೊಂಡು ಮನೆಗೆ ಹೋಗುತ್ತಿದ್ದರು.

ರೇಲಿ ಹಾಗೆ ಮಾಡಲಿಲ್ಲ, ಏಕೆಂದರೆ ಅವರಿಗೆ ತಮ್ಮ ಅಂಚು ಗೊತ್ತಿತ್ತು. ಒಂದೇ ಮೂಲದ ಅನಿಲವನ್ನು ಮತ್ತೆ ಮತ್ತೆ ತೂಗಿದಾಗ ಬರುತ್ತಿದ್ದ ಅಲುಗಾಟ ಈ ಹನ್ನೊಂದು ಮಿಲಿಗ್ರಾಂಗಿಂತ ಎಷ್ಟೋ ಚಿಕ್ಕದು. ಆದ್ದರಿಂದ ಅಂತರ ನಿಜ. 1892ರಲ್ಲಿ ‘ನೇಚರ್’ ಪತ್ರಿಕೆಗೆ ಕಾಗದ ಬರೆದು, ಇದಕ್ಕೆ ಕಾರಣ ಹೊಳೆದವರು ತಿಳಿಸಿ ಎಂದು ಬಹಿರಂಗವಾಗಿ ಕೇಳಿದರು. ಆಗ ಅವರಿಗೆ ಕಂಡಿದ್ದ ಅಂತರ ಸಾವಿರದಲ್ಲಿ ಒಂದು ಪಾಲು ಮಾತ್ರ. ಅದನ್ನು ಮುಚ್ಚಿಹಾಕುವ ಬದಲು, ವಿಧಾನ ಬದಲಿಸಿ ಬೇಕೆಂದೇ ಹಿಗ್ಗಿಸಿದರು. ಹಿಗ್ಗಿದ ಬಿರುಕಿನೊಳಗೆ ವಿಲಿಯಂ ರಾಮ್ಸೇ ಜೊತೆ ಕಂಡದ್ದು ಹೊಸ ಅನಿಲ: ಆರ್ಗಾನ್. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ ಒಂದರಷ್ಟಿರುವ ಅನಿಲ ಅಷ್ಟು ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಾಗೆ ನೋಡಿದರೆ 1785ರಲ್ಲೇ ಹೆನ್ರಿ ಕ್ಯಾವೆಂಡಿಶ್ ಗಾಳಿಯ ಸಾರಜನಕವನ್ನೆಲ್ಲ ಕರಗಿಸಿದ ಮೇಲೂ ಉಳಿದ ಒಂದು ಪುಟ್ಟ ಗುಳ್ಳೆಯನ್ನು, ಮೂಲ ಅನಿಲದ 120ನೆಯ ಒಂದು ಪಾಲಿಗಿಂತ ಹೆಚ್ಚಿಲ್ಲ ಎಂದು ಅಳೆದು ಬರೆದಿಟ್ಟಿದ್ದರು. ಅದೂ ಆರ್ಗಾನೇ. ‘ಮಾನವ ದೋಷ’ ಎಂದು ಬರೆದಿದ್ದರೆ ಶತಮಾನದ ನಂತರ ಅದನ್ನು ಹುಡುಕಿ ತೆಗೆಯಲು ಯಾರಿಗೂ ಸಾಧ್ಯವಿರಲಿಲ್ಲ. 1904ರಲ್ಲಿ ರೇಲಿಗೆ ಭೌತಶಾಸ್ತ್ರದ, ರಾಮ್ಸೇಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಸರಿಯುತ್ತರದ ಮೋಹ ದೊಡ್ಡವರನ್ನೂ ಬಿಟ್ಟಿಲ್ಲ. ರಾಬರ್ಟ್ ಮಿಲಿಕನ್ ಎಣ್ಣೆ ಹನಿಗಳ ಪ್ರಯೋಗದಿಂದ 1913ರಲ್ಲಿ ಎಲೆಕ್ಟ್ರಾನಿನ ವಿದ್ಯುದಂಶದ ಬೆಲೆ ಪ್ರಕಟಿಸಿದರು. ತಮ್ಮ ಅಂಚು ಶೇಕಡಾ 0.2 ಎಂದರು. ಇಂದಿನ ಬೆಲೆಗೆ ಹೋಲಿಸಿದರೆ ಅದು ಶೇಕಡಾ 0.6ರಷ್ಟು ಕಡಿಮೆ, ಅವರು ಹೇಳಿಕೊಂಡ ಅಂಚಿನ ಮೂರು ಪಟ್ಟು. ಲೆಕ್ಕದಲ್ಲಿ ಬಳಸಿದ ಗಾಳಿಯ ಸ್ನಿಗ್ಧತೆಯ ಬೆಲೆ ಸರಿಯಿರಲಿಲ್ಲ. ತಪ್ಪುವುದು ವಿಜ್ಞಾನದಲ್ಲಿ ಅಪರಾಧವಲ್ಲ. ಆಮೇಲಾದದ್ದು ಮಾತ್ರ ನಾಚಿಕೆಯ ಸಂಗತಿ. ರಿಚರ್ಡ್ ಫೈನ್‌ಮನ್ 1974ರ ಕ್ಯಾಲ್ಟೆಕ್ ಘಟಿಕೋತ್ಸವ ಭಾಷಣದಲ್ಲಿ ಅದನ್ನು ಬಿಚ್ಚಿಟ್ಟರು: ನಂತರ ಅಳೆದವರ ಬೆಲೆಗಳು ಒಮ್ಮೆಲೇ ಸರಿಯಾದ ಜಾಗಕ್ಕೆ ಜಿಗಿಯಲಿಲ್ಲ, ಮಿಲಿಕನ್ ಬೆಲೆಯಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತೆವಳಿದವು. ತಮ್ಮ ಅಂಕಿ ಮಿಲಿಕನ್ನರದಕ್ಕಿಂತ ತೀರಾ ಮೇಲಿದ್ದರೆ ಎಲ್ಲೋ ತಪ್ಪಿದೆ ಎಂದು ಹುಡುಕಿ ತೆಗೆದುಹಾಕಿದರು. ಹತ್ತಿರವಿದ್ದರೆ ಹುಡುಕುವ ಗೋಜಿಗೇ ಹೋಗಲಿಲ್ಲ. ನೊಬೆಲ್ ಪಡೆದ ಹಿರಿಯರ ಬೆಲೆ ಅವರಿಗೆಲ್ಲ ಸೀನಿಯರ್ ರೆಕಾರ್ಡ್ ಆಗಿತ್ತು. ಪಿಯು ಲ್ಯಾಬಿನ ಕಾಯಿಲೆ ಪಿಯು ಲ್ಯಾಬಿನಲ್ಲೇ ವಾಸಿಯಾಗದಿದ್ದರೆ ಎಲ್ಲಿಯವರೆಗೆ ಹೋಗುತ್ತದೆ ನೋಡಿ.

ಇದಕ್ಕೆ ಮದ್ದು ಏನೆಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಯಿದೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹೊರವಲಯದಲ್ಲಿ ಏಳು ಮೈಲಿಗೂ ಉದ್ದದ ಒಂದು ಆಧಾರರೇಖೆ ಅಳೆದರು. ಭಾರತವನ್ನು ತ್ರಿಕೋನಗಳಲ್ಲಿ ಅಳೆದ ಮಹಾ ಸರ್ವೆಗೆ ಅದು ಪೀಠಿಕೆ. ಸಾಧನ ನೂರು ಅಡಿಯ ಉಕ್ಕಿನ ಸರಪಳಿ. ಅದನ್ನು ನೆಲದ ಮೇಲೆ ಎಳೆಯುತ್ತಿರಲಿಲ್ಲ, ಮಟ್ಟ ನೋಡಿ ಜೋಡಿಸಿದ ಮರದ ತೊಟ್ಟಿಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಓದುತ್ತಿದ್ದರು. ಅಷ್ಟು ಉಪಚಾರ ಏಕೆಂದರೆ, ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ನೂರಡಿ ಉಕ್ಕು ಮೂರೂವರೆ ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಏಳು ಮೈಲಿಗೆ ಸರಪಳಿಯನ್ನು ಸುಮಾರು 370 ಸಲ ಹಾಸಬೇಕು. ಬಿಸಿಲನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕೊನೆಗೆ ಒಂದೂಕಾಲು ಮೀಟರಿಗೂ ಮೀರಿದ ತಪ್ಪು ಕಾದಿರುತ್ತದೆ. ಆ ತಪ್ಪು ಎಲ್ಲ ತ್ರಿಕೋನಗಳಿಗೂ ಹಬ್ಬುತ್ತದೆ.

ಲ್ಯಾಂಬ್ಟನ್ ಅಲ್ಲಿಗೆ ನಿಲ್ಲಿಸಲಿಲ್ಲ. 1802ರಲ್ಲಿ ಮದ್ರಾಸಿನಲ್ಲಿ ಹೊಸ ಆಧಾರರೇಖೆ ಅಳೆದು, ಅಲ್ಲಿಂದ ತ್ರಿಕೋನ ಕಟ್ಟುತ್ತಾ ಪಶ್ಚಿಮಕ್ಕೆ ಬಂದು, 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ಸರಪಳಿ ಹಾಸಿಯೇ ಅಳೆಸಿದರು. ತ್ರಿಕೋನಗಳು ಹೇಳಿದ ಉದ್ದಕ್ಕೂ ಸರಪಳಿ ಹೇಳಿದ ಉದ್ದಕ್ಕೂ ಮೈಲಿಗಟ್ಟಲೆ ರೇಖೆಯಲ್ಲಿ ಕೆಲವೇ ಅಂಗುಲಗಳ ಅಂತರ. ಈ ಎರಡನೆಯ ಅಳತೆಯಿಂದ ನಕಾಶೆಗೆ ಹೊಸ ಊರೊಂದೂ ಸೇರಲಿಲ್ಲ. ತಾನು ಎಷ್ಟು ತಪ್ಪಿರಬಹುದು ಎಂದು ತಿಳಿಯಲಿಕ್ಕಾಗಿಯೇ ಅಷ್ಟು ಜನ, ಅಷ್ಟು ಹಣ, ಅಷ್ಟು ಕಾಲ ಖರ್ಚು ಮಾಡಿದರು. ಕಂಪನಿ ಸರ್ಕಾರದ ಲೆಕ್ಕಿಗರಿಗೂ ಅದು ದಂಡವಾಗಿ ಕಂಡಿರಬಹುದು. ಆ ಖರ್ಚಿಲ್ಲದೆ ಸರ್ವೆಯ ಯಾವ ಅಂಕಿಗೂ ಬೆಲೆಯಿರಲಿಲ್ಲ.

ಅದೇ ಸರ್ವೆ 1856ರಲ್ಲಿ ಎವರೆಸ್ಟ್ ಎತ್ತರ 29,002 ಅಡಿ ಎಂದು ಸಾರಿತು. ಶಾಲೆಯ ಮಕ್ಕಳು ತಲೆಮಾರುಗಳ ಕಾಲ ಉರುಹೊಡೆದದ್ದು ಆ ಕೊನೆಯ ಎರಡಡಿಯನ್ನೂ ಸೇರಿಸಿಯೇ. ಆ ಅಂಕಿ ಬಂದದ್ದು ಆರು ಠಾಣೆಗಳಿಂದ ನೋಡಿದ ಎತ್ತರಗಳ ಸರಾಸರಿಯಿಂದ, ಆ ಆರರ ನಡುವೆಯೇ ಮೂವತ್ತಕ್ಕೂ ಹೆಚ್ಚು ಅಡಿಗಳ ಅಂತರವಿತ್ತು. ಆ ಅಂತರವನ್ನು ಕಂಡ ಯಾರೂ ಕೊನೆಯ ಎರಡಡಿಗೆ ಪ್ರಮಾಣ ಮಾಡಲಾರರು. 2020ರಲ್ಲಿ ನೇಪಾಳ ಮತ್ತು ಚೀನಾ ಜಂಟಿಯಾಗಿ ಪ್ರಕಟಿಸಿದ ಎತ್ತರ 8848.86 ಮೀಟರ್, ಅಂದರೆ ಹಳೆಯದಕ್ಕಿಂತ ಸುಮಾರು ಮೂವತ್ತಡಿ ಹೆಚ್ಚು. ಸರ್ವೆಯವರ ಕೋಷ್ಟಕ ತನ್ನ ಮಿತಿಯನ್ನು ಹೇಳಿಕೊಂಡಿತ್ತು. ಕೇಳಿಸಿಕೊಳ್ಳದೆ ‘29,002’ ಎಂದು ಮಂತ್ರ ಹೇಳಿದವರು ನಾವು. ಈಗ ಕ್ಯಾಲ್ಕುಲೇಟರ್ ಬಂದ ಮೇಲೆ ಈ ಚಟ ಇನ್ನೂ ಹೆಚ್ಚಿದೆ. ಮಿಲಿಮೀಟರ್ ಸ್ಕೇಲಿನಲ್ಲಿ ಅಳೆದು 9.7846231 ಎಂದು ಬರೆಯುವ ವಿದ್ಯಾರ್ಥಿಗೆ, ಆ ಏಳು ದಶಮಾಂಶಗಳಲ್ಲಿ ಆರು ತನ್ನವಲ್ಲ, ಯಂತ್ರದ್ದು ಎಂದು ಹೇಳುವವರಿಲ್ಲ.

ಏಕಮಾನಗಳ ಗತಿಯೂ ಇದೇ. ಉತ್ತರದ ಮುಂದೆ ಏಕಮಾನ ಬರೆಯದಿದ್ದರೆ ಅರ್ಧ ಅಂಕ ಕಡಿತ ಎಂಬ ಭಯದಲ್ಲಿ ಕಲಿತವರಿಗೆ ಅದು ಬಾಲದಂತೆ ಕಾಣುತ್ತದೆ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಹತ್ತಿರ ಕಾಣೆಯಾಯಿತು. ನೌಕೆಯ ಸಣ್ಣ ರಾಕೆಟ್‌ಗಳ ನೂಕುವಿಕೆಯನ್ನು ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಬರೆಯುತ್ತಿತ್ತು, ದಾರಿ ಲೆಕ್ಕ ಹಾಕುವವರು ಅದನ್ನು ನ್ಯೂಟನ್ ಎಂದು ಓದುತ್ತಿದ್ದರು. ಒಂದು ಪೌಂಡ್ ಬಲವೆಂದರೆ 4.45 ನ್ಯೂಟನ್. ಮಂಗಳನ ನೆಲದಿಂದ 226 ಕಿಲೋಮೀಟರ್ ಮೇಲೆ ಹಾಯಬೇಕಿದ್ದ ನೌಕೆ 57 ಕಿಲೋಮೀಟರಿಗೆ ಇಳಿದು ವಾತಾವರಣಕ್ಕೆ ನುಗ್ಗಿತು. ಅಲ್ಲಿ ಲೆಕ್ಕ ತಪ್ಪಿರಲಿಲ್ಲ, ಸೂತ್ರ ತಪ್ಪಿರಲಿಲ್ಲ, ದಶಮಾಂಶಗಳಿಗೆ ಬರವಿರಲಿಲ್ಲ. ಏಕಮಾನವನ್ನು ಹೇಳದ ಅಂಕಿ ಇತ್ತು, ಕೇಳದ ಜನರಿದ್ದರು.

ಖಚಿತತೆಯ ಪಕ್ಷದವರು ಇಲ್ಲಿ ಒಂದು ಬಾಣ ಬಿಡಬಹುದು: ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್, ಅದಕ್ಕೆ ಅಂಚೇ ಇಲ್ಲವಲ್ಲ? ಇಲ್ಲ, ನಿಜ. 1983ರಲ್ಲಿ ಮೀಟರನ್ನೇ ಆ ಸಂಖ್ಯೆಯಿಂದ ನಿರೂಪಿಸಿದ್ದರಿಂದ ಇಲ್ಲ. ಅಂಚಿಲ್ಲದ ಬೆಲೆ ಮನುಷ್ಯರು ಕೂತು ಗೊತ್ತುಮಾಡಿದ ಬೆಲೆ. 1889ರಿಂದ ಪ್ಯಾರಿಸ್ ಹತ್ತಿರದ ಸೇವ್ರ್‌ನಲ್ಲಿ ಗಾಜಿನ ಗಂಟೆಗಳಡಿ ಇಟ್ಟಿದ್ದ ಪ್ಲಾಟಿನಂ-ಇರಿಡಿಯಂ ತುಂಡಿಗೂ ಹಾಗೆಯೇ ಅಂಚಿರಲಿಲ್ಲ, ಅದೇ ಕಿಲೋಗ್ರಾಂ ಎಂದು ಜಗತ್ತು ಒಪ್ಪಿತ್ತು. ಶತಮಾನದ ಬಳಿಕ ಹೋಲಿಸಿ ನೋಡಿದಾಗ ಅದಕ್ಕೂ ಅದರ ಪ್ರತಿಗಳಿಗೂ ಐವತ್ತು ಮೈಕ್ರೋಗ್ರಾಂನಷ್ಟು ಅಂತರ ಬಂದಿತ್ತು. ಪ್ರತಿಗಳು ಭಾರವಾದವೋ, ಮೂಲ ಹಗುರವಾಯಿತೋ, ಹೇಳಲು ದಾರಿಯೇ ಇರಲಿಲ್ಲ. ಕೊನೆಗೆ 2019ರ ಮೇ 20ರಿಂದ ಕಿಲೋಗ್ರಾಂ ಪ್ಲಾಂಕ್ ಸ್ಥಿರಾಂಕದ ಮೇಲೆ ನಿಂತಿತು. ಅಳತೆಯ ಅತ್ಯುಚ್ಚ ಪೀಠದಲ್ಲಿ ಕೂತವರೇ ತಮ್ಮ ಮೂಲಬಟ್ಟಿನ ಮೇಲೆ ಅನುಮಾನಪಟ್ಟು ಅದನ್ನು ಬದಲಿಸಿದರು. ಪಿಯು ಪುಸ್ತಕದ ಅಂಕಿಯ ಮೇಲೆ ಅನುಮಾನಪಡಲು ನಮ್ಮ ಮಕ್ಕಳಿಗೆ ಮಾತ್ರ ಅನುಮತಿಯಿಲ್ಲ.

ಲ್ಯಾಬಿನಿಂದ ಮನೆಗೆ ಬನ್ನಿ. ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಗ್ಲೂಕೋಮೀಟರ್ ಇದೆ. ನಿನ್ನೆ 138 ಇತ್ತು, ಇವತ್ತು 146, ಏನು ತಿಂದಿರಿ ಎಂದು ಬೆಳಗಾಗೆದ್ದು ಮನೆಮಂದಿಯೆಲ್ಲ ವಿಚಾರಣೆಗೆ ಇಳಿಯುತ್ತಾರೆ. ಈ ಯಂತ್ರಗಳ ಅಂತಾರಾಷ್ಟ್ರೀಯ ಮಾನದಂಡವೇ ನೂರಕ್ಕಿಂತ ಮೇಲಿನ ಓದಿಗೆ ಶೇಕಡಾ 15ರಷ್ಟು ಹೆಚ್ಚು-ಕಡಿಮೆಯನ್ನು ಒಪ್ಪುತ್ತದೆ. 140 ಎಂದು ಯಂತ್ರ ತೋರಿಸಿದರೆ ನಿಜ 120 ಇರಬಹುದು, 160 ಇರಬಹುದು. ಎಂಟು ಅಂಕಿಯ ಏರಿಳಿತಕ್ಕೆ ಹೋಳಿಗೆಯನ್ನು ದೂರುವುದು ನ್ಯಾಯವಲ್ಲ. ತಿಂಗಳಿಡೀ ಓದುಗಳು ಯಾವ ಕಡೆ ವಾಲುತ್ತಿವೆ ಎಂದು ನೋಡಬೇಕು, ಮದ್ದಿನ ಮಾತನ್ನು ವೈದ್ಯರ ಹತ್ತಿರ ಆಡಬೇಕು. ಅಂಚು ಗೊತ್ತಿದ್ದವರಿಗೆ ಅನವಶ್ಯಕ ಭಯವೂ ಇಲ್ಲ, ಅನವಶ್ಯಕ ಧೈರ್ಯವೂ ಇಲ್ಲ.

ನಮ್ಮ ಕಾನೂನಿಗೆ ಈ ವಿವೇಕ ಯಾವತ್ತೋ ಬಂದಿದೆ. ಪೆಟ್ರೋಲ್ ಬಂಕಿನಲ್ಲಿ ಗ್ರಾಹಕರು ಕೇಳಿದರೆ ಐದು ಲೀಟರ್ ಅಳತೆಪಾತ್ರೆಗೆ ಹಾಕಿ ತೋರಿಸಬೇಕು, ಅದರಲ್ಲಿ 25 ಮಿಲಿಲೀಟರ್ ವ್ಯತ್ಯಾಸಕ್ಕೆ ಅವಕಾಶವಿದೆ. ಒಂದು ಕಿಲೋ ಎಂದು ಅಚ್ಚುಹಾಕಿದ ಪೊಟ್ಟಣದಲ್ಲಿ 15 ಗ್ರಾಂ ಕೊರತೆಯವರೆಗೆ ತಪ್ಪಲ್ಲ, ಆದರೆ ಅನೇಕ ಪೊಟ್ಟಣಗಳ ಸರಾಸರಿ ಒಂದು ಕಿಲೋಗಿಂತ ಕಡಿಮೆ ಇರಕೂಡದು. ಬಿಡಿ ಅಲುಗಾಟ ಕ್ಷಮ್ಯ, ಒಂದೇ ದಿಕ್ಕಿನ ವಾಲಿಕೆ ಅಕ್ಷಮ್ಯ: ಲ್ಯಾಬಿನಲ್ಲಿ ಕಲಿಸಬೇಕಾದ ಪಾಠವನ್ನು ತೂಕ-ಅಳತೆ ಇಲಾಖೆ ಕಾನೂನು ಮಾಡಿಟ್ಟಿದೆ. ವಿಜ್ಞಾನದ ಮೇಷ್ಟ್ರಿಗಿಂತ ಇಲಾಖೆಯ ಇನ್‌ಸ್ಪೆಕ್ಟರ್ ಮಾಪನಶಾಸ್ತ್ರಕ್ಕೆ ಹತ್ತಿರವಿದ್ದಾರೆ ಎಂದರೆ ಯಾರೂ ಬೇಸರಿಸಿಕೊಳ್ಳಬಾರದು.

ಉಳಿದದ್ದು ಅತ್ಯಂತ ಗಂಭೀರ ಆಕ್ಷೇಪ. ವಿಜ್ಞಾನಿಗಳೇ ‘ಇರಬಹುದು, ಇಲ್ಲದಿರಬಹುದು’ ಎನ್ನತೊಡಗಿದರೆ ಜನ ಅವರನ್ನು ನಂಬುತ್ತಾರೆಯೇ? ಹವಾಮಾನ ಬದಲಾವಣೆಯನ್ನು ಅಲ್ಲಗಳೆಯುವವರು, ಲಸಿಕೆಯ ವಿರುದ್ಧ ಸುಳ್ಳು ಹಬ್ಬಿಸುವವರು ಇದನ್ನೇ ಹಿಡಿದುಕೊಳ್ಳುವುದಿಲ್ಲವೇ? ಹಿಡಿದುಕೊಳ್ಳುತ್ತಾರೆ. ಆದರೆ ಅವರಿಗೆ ಆಯುಧ ಕೊಟ್ಟದ್ದು ಅಂಚು ಹೇಳಿದವರಲ್ಲ, ಅಂಚನ್ನು ಬಚ್ಚಿಟ್ಟವರು. ಹವಾಮಾನ ಇಲಾಖೆ 2024ರ ಏಪ್ರಿಲ್‌ನಲ್ಲಿ ಮುಂಗಾರು ದೀರ್ಘಾವಧಿ ಸರಾಸರಿಯ ಶೇಕಡಾ 106, ಐದು ಹೆಚ್ಚು ಅಥವಾ ಕಡಿಮೆ, ಎಂದು ಮುನ್ಸೂಚನೆ ಕೊಟ್ಟಿತು. ಸುದ್ದಿಯ ಶೀರ್ಷಿಕೆಗೆ ಬಂದದ್ದು 106 ಮಾತ್ರ, ಐದು ಉದುರಿಹೋಯಿತು. ಕೊನೆಗೆ ದೇಶಕ್ಕೆ ಬಿದ್ದ ಮಳೆ ಶೇಕಡಾ 108. ಹಿಂದಿನ ವರ್ಷ 96 ಎಂದಿದ್ದರು, 94 ಬಿತ್ತು. ಅಂಚನ್ನು ಓದಿದವರಿಗೆ ಎರಡೂ ಸರಿ. ಅಂಚನ್ನು ಕತ್ತರಿಸಿ ಓದಿಸಿದವರಿಗೆ ಎರಡೂ ಹುಸಿ, ಇಲಾಖೆಯ ಮೇಲೆ ಹಾಸ್ಯಚಟಾಕಿ ಸಿದ್ಧ. ಜನರಿಗೆ ಅರ್ಥವಾಗುವುದಿಲ್ಲ ಎಂಬ ಮಾತಂತೂ ಅಹಂಕಾರ. ಬಿತ್ತುವ ಮುನ್ನ ಮೋಡ ನೋಡಿ, ಒಂದಿಷ್ಟು ಬೀಜ ಮರುಬಿತ್ತನೆಗೆ ಎತ್ತಿಡುವ ರೈತನಿಗೆ ಅನಿಶ್ಚಿತತೆಯ ಬಗ್ಗೆ ನಾವು ಪಾಠ ಹೇಳಬೇಕಾಗಿಲ್ಲ.

ಸಮಯವಿಲ್ಲ, ಸಲಕರಣೆ ಸರಿಯಿಲ್ಲ ಎಂಬ ಗೊಣಗಾಟವೂ ಇದೆ. ಸಲಕರಣೆ ಸರಿಯಿಲ್ಲದ ಕಡೆಯೇ ಈ ಪಾಠಕ್ಕೆ ಪ್ರಶಸ್ತ ಜಾಗ. ಶೂನ್ಯಕ್ಕೆ ಮರಳದ ಸ್ಕ್ರೂ ಗೇಜ್, ಸಿಕ್ಕಿಕೊಳ್ಳುವ ಸ್ಟಾಪ್‌ವಾಚ್, ಅಂಚು ಸವೆದ ಮೀಟರ್ ಸ್ಕೇಲ್, ಇವೆಲ್ಲ ದೋಷದ ಜೀವಂತ ಮಾದರಿಗಳು, ಬಿಟ್ಟಿಯಾಗಿ ಸಿಗುತ್ತವೆ. ಅರವತ್ತು ಮಂದಿಯ ಬೆಲೆಗಳನ್ನು ಕರಿಹಲಗೆಯ ಮೇಲೆ ಗೀಟು ಹಾಕುತ್ತಾ ಹೋದರೆ ಹದಿನೈದು ನಿಮಿಷದಲ್ಲಿ ಒಂದು ಗುಡ್ಡ ಎದ್ದುನಿಲ್ಲುತ್ತದೆ. ಗುಡ್ಡದ ಅಗಲವೇ ಅಂಚು. ಆ ಗುಡ್ಡ ಪುಸ್ತಕದ ಬೆಲೆಯಿಂದ ಒಂದು ಕಡೆಗೆ ಸರಿದಿದ್ದರೆ ಕಾರಣ ಹುಡುಕುವುದೇ ಮುಂದಿನ ವಾರದ ಪ್ರಯೋಗ.

ಇದೆಲ್ಲ ಗೊತ್ತಿದ್ದೂ ನಾವು ಹಿಂದಕ್ಕೆ ನಡೆಯುತ್ತಿದ್ದೇವೆ. ನಮ್ಮ ಪಿಯು ಮಕ್ಕಳೂ ಓದುವ ಎನ್‌ಸಿಇಆರ್‌ಟಿಯ 11ನೇ ತರಗತಿ ಭೌತಶಾಸ್ತ್ರ ಪುಸ್ತಕದಲ್ಲಿ ಸಲಕರಣೆಗಳ ನಿಖರತೆ ಮತ್ತು ಅಳತೆಯ ದೋಷಗಳ ಬಗ್ಗೆ ಒಂದು ಭಾಗವಿತ್ತು. ಕೊರೊನಾ ನಂತರ ಪಠ್ಯಭಾರ ಇಳಿಸುವ ಹೆಸರಿನಲ್ಲಿ ಅದನ್ನು ತೆಗೆದುಹಾಕಿದರು. ಎಷ್ಟೋ ಸೂತ್ರಗಳು ಉಳಿದವು, ಸೂತ್ರವನ್ನು ಎಷ್ಟು ನಂಬಬೇಕೆಂದು ಹೇಳುವ ಪುಟಗಳು ಹೋದವು.

ಆ ಭಾಗ ಪುಸ್ತಕಕ್ಕೆ ಮರಳಬೇಕು. ಅದು ಮರಳುವವರೆಗೆ ಕಾಯದೆ ಪಿಯು ಪರೀಕ್ಷಾ ವ್ಯವಸ್ಥೆ ಒಂದು ಕೆಲಸ ಮಾಡಬಹುದು: ಪ್ರಾಯೋಗಿಕ ಪರೀಕ್ಷೆಯ 30 ಅಂಕಗಳಲ್ಲಿ ಐದನ್ನು ಅಂಚು ಹೇಳಿ ಅದಕ್ಕೆ ಕಾರಣ ಕೊಟ್ಟವರಿಗೆ ಮೀಸಲಿಡಲಿ, ಪುಸ್ತಕದ ಬೆಲೆಗೆ ಹತ್ತಿರ ಬಂದದ್ದಕ್ಕೆ ಒಂದೂ ಅಂಕ ಬೇಡ. ಉಪನ್ಯಾಸಕರು ‘ಮಾನವ ದೋಷ’ ಎಂದು ಬರೆದ ರೆಕಾರ್ಡಿಗೆ ಸಹಿ ಹಾಕದಿರಲಿ. ಪತ್ರಕರ್ತರು ಮುನ್ಸೂಚನೆಯ ಜೊತೆ ಬಂದ ‘ಐದು ಹೆಚ್ಚು-ಕಡಿಮೆ’ಯನ್ನೂ ಅಚ್ಚುಮಾಡಲಿ. ಓದುಗರು ಮಾಡಬೇಕಾದದ್ದು ಇನ್ನೂ ಸುಲಭ. ಯಾರೇ ಅಂಕಿ ಹೇಳಿದರೂ, ಅವರು ವಿಜ್ಞಾನಿಯಾಗಿರಲಿ, ವೈದ್ಯರಾಗಿರಲಿ, ಮಂತ್ರಿಯಾಗಿರಲಿ, ‘ಎಷ್ಟು ಹೆಚ್ಚು-ಕಡಿಮೆ?’ ಎಂದು ಕೇಳಿ. ಉತ್ತರ ಕೊಡಲಾಗದವರ ಅಂಕಿಯನ್ನು ಅಳತೆ ಎಂದು ಒಪ್ಪಬೇಡಿ.